ಪಂಕ್ತಿ ಏಳುವ ಮೊದಲು

ಚಮಚ ಶಾಂತಕುಮಾರಿಯ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿದು ಬಿತ್ತು.

ವಾರ್ಡಿನ ಸಿಪಾಯಿಗಳೆಲ್ಲ ಮಂಚದ ಮೇಲೆ ತಲೆ ಎತ್ತಿ ನೋಡಿದರು. ಅವಳು ಬಗ್ಗಿ ಚಮಚ ಎತ್ತಿಕೊಂಡಳು, ಹೂಜಿಯ ನೀರಲ್ಲಿ ತೊಳೆದಳು, ಮತ್ತೆ ಎಸೆದವನ ತಟ್ಟೆಯಲ್ಲಿಟ್ಟಳು.

"ಎಸೆದಿದ್ದು ಎಡಗೈಲಿ ತಾನೆ? ಅದೇ ಕೈಲಿ ಊಟ ಮಾಡಿ."

"ಎಡಗೈ ಯಾವುದಕ್ಕೆ ಅಂತ ಗೊತ್ತಿಲ್ವೇನ್ರೀ ನಿಮಗೆ?" ಮಂಚದ ಮೇಲಿದ್ದವನ ಮುಖ ಕೆಂಪಾಗಿತ್ತು. "ನಿಮ್ಮನೇಲಿ ಎಡಗೈಲಿ ಉಣ್ತಾರಾ?"

"ನಮ್ಮನೇಲಿ ಯಾರಿಗೂ ಗುಂಡು ಬಿದ್ದಿಲ್ಲ."

"ಬೀಳ್ಬೇಕಿತ್ತು. ಆಗ ಗೊತ್ತಾಗ್ತಿತ್ತು..."

ಮಾತು ಅಲ್ಲಿಗೇ ನಿಂತಿತು. ಅವಳ ಹಣೆಯಲ್ಲಿ ಕುಂಕುಮವಿಲ್ಲ ಎಂಬುದನ್ನು ಅವನು ಆಗ ನೋಡಿದ್ದ. ಕಣ್ಣು ತಗ್ಗಿಸಿಬಿಟ್ಟ.

ಚಮಚ ತಾಗಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ. ಎಲ್ಲರೂ ಹೀಗೆಯೇ. ಹಣೆ ನೋಡುತ್ತಾರೆ, ಸುಮ್ಮನಾಗುತ್ತಾರೆ. ಗಂಡ ಸತ್ತವಳು ಜಗಳ ಆಡುವುದಕ್ಕೂ ಲಾಯಕ್ಕಿಲ್ಲವೆ?

"ಯಾಕೆ ನಿಲ್ಲಿಸಿದ್ರಿ? ಬೈಯಿರಿ," ಎಂದಳು. "ನಾನೂ ಬೈತೀನಿ."

ಅವನು ತಲೆ ಎತ್ತಿ ಅವಳನ್ನು ಸರಿಯಾಗಿ ನೋಡಿದ್ದು ಆಗಲೇ.

ಅದು ೧೯೪೫. ಯುದ್ಧ ಮುಗಿದು ಕಂಟೋನ್ಮೆಂಟಿನ ಮಿಲಿಟರಿ ಆಸ್ಪತ್ರೆಗಳೆಲ್ಲ ಬರ್ಮಾದಿಂದ ಬಂದ ಗಾಯಾಳುಗಳಿಂದ ತುಂಬಿದ್ದವು. ಚಮಚ ಎಸೆದ ಚಲುವಯ್ಯ ಮಹದೇವಪುರದವನು. ತರಕಾರಿ ತೋಟದವರ ಮಗ. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದಾಗ ಬಲತೋಳಿಗೆ ಗುಂಡು ಹೊಕ್ಕು ನರ ಕಡಿದಿತ್ತು. ಡಾಕ್ಟರು ನರ ಹೊಲಿದಿದ್ದರು. ಗಾಯ ಮಾಗಿತ್ತು. ಆದರೆ ಕೈ ಮಾತ್ರ ಮಡಿಲಲ್ಲಿಟ್ಟ ಬೇರೆಯವರ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು.

ಶಾಂತಕುಮಾರಿ ಮರ್ಫಿ ಟೌನಿನವಳು. ಬಿ.ಎ. ಓದಿದವಳು. ಗಂಡ ವಿಷಮಶೀತ ಜ್ವರದಲ್ಲಿ ಹೋದ ಮೇಲೆ ಅಣ್ಣನ ಮನೆಗೆ ಬಂದು, ಈ ಆಸ್ಪತ್ರೆಯಲ್ಲಿ ಒಬ್ಬ ಇಂಗ್ಲಿಷ್ ಸಿಸ್ಟರ ಕೈಕೆಳಗೆ ಹೊಸ ವಿದ್ಯೆಯೊಂದನ್ನು ಕಲಿತಳು. ಆಕ್ಯುಪೇಷನಲ್ ಥೆರಪಿ ಎಂದು ಅದರ ಹೆಸರು. ಉಣ್ಣುವುದು, ಉಡುವುದು, ತಲೆ ಬಾಚುವುದು, ದುಡಿಯುವುದು, ಮನುಷ್ಯ ದಿನಾ ಮಾಡುವ ಇಂಥ ಕೆಲಸಗಳೇ ಅವನಿಗೆ ಮದ್ದು. ರೋಗಿಗಾಗಿ ನೀನು ಮಾಡಬೇಡ, ಅವನೇ ಮಾಡುವ ಹಾಗೆ ಮಾಡು. ಸಿಸ್ಟರ್ ಕಲಿಸಿದ್ದು ಇದು.

ವಾರ್ಡಿಗೆ ಬಂದಾಗ ಅದು ಬೆತ್ತದ ಬುಟ್ಟಿಯಾಗಿಬಿಟ್ಟಿತ್ತು. ಕಣ್ಣು ಹೋದವನಿಗೂ ಬುಟ್ಟಿ, ಕಾಲು ಹೋದವನಿಗೂ ಬುಟ್ಟಿ. ಸಿಪಾಯಿಗಳು ಅವಳಿಗೆ ಬುಟ್ಟಿ ಟೀಚರ್ ಎಂದು ಹೆಸರಿಟ್ಟಿದ್ದರು.

ಆ ಮಧ್ಯಾಹ್ನ ಚಲುವಯ್ಯನ ತಾಯಿ ದೊಡ್ಡಮುನಿಯಮ್ಮ ಬುತ್ತಿ ತಂದು, ಮಂಚದ ಮೇಲೆ ಕೂತು, ಅನ್ನ ಕಲಸಿ ಮಗನ ಬಾಯಿಗೆ ಹಿಡಿದಳು. ಮೀಸೆ ಬಂದ ಮಗ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದ.

ಶಾಂತಕುಮಾರಿ ಆ ಕಣ್ಣು ಮುಚ್ಚಿದ್ದನ್ನು ನೋಡಿದಳು.

"ಅಮ್ಮ, ಉಣಿಸಬೇಡಿ."

"ಏನವ್ವಾ, ನನ್ ಮಗನ ಬಾಯಿಗೆ ಅನ್ನ ಇಡಾಕೆ ನಿನ್ ಅಪ್ಪಣೆ ಬೇಕಾ?"

"ಬೇಕು."

"ಕೈ ಸತ್ತೋಗೈತೆ. ಕಣ್ಣು ಕಾಣಾಕಿಲ್ವಾ ನಿಂಗೆ?"

"ಸತ್ತಿಲ್ಲ. ನೀವು ಹೀಗೇ ಉಣಿಸ್ತಾ ಇದ್ರೆ ಸಾಯುತ್ತೆ."

ಮುದುಕಿ ಎದ್ದು ನಿಂತಳು. "ಗಂಡನ್ನ ತಿಂದ್ಕೊಂಡೋಳು... ಈಗ ನನ್ ಮಗನ ಊಟದ ಮೇಲೆ ಕಣ್ಣು ಹಾಕವ್ಳೆ."

ಶಾಂತಕುಮಾರಿ ತಿರುಗಿ ನಡೆದಳು. ಬಾಗಿಲಾಚೆ ವಾರ್ಡಿನ ಆಯಾ ಮೆಹರುನ್ನೀಸಾ ಬಕೆಟು ಹಿಡಿದು ನಿಂತಿದ್ದಳು. ರಸೆಲ್ ಮಾರ್ಕೆಟ್ಟಿನ ಕಡೆಯವಳು, ಮನೆಯಲ್ಲಿ ದಖನಿ ಉರ್ದು, ವಾರ್ಡಿನಲ್ಲಿ ಎಲ್ಲ ಭಾಷೆಯೂ.

"ಅರೆ, ನಿಂಗೆ ಶಾಂತ ಅಂತ ಹೆಸರಿಟ್ಟೋರು ಯಾರು ಬೇಟಿ? ಮೆಣಸಿನಕಾಯಮ್ಮ ಅಂತ ಇಡ್ಬೇಕಿತ್ತು. ಅಳ್ತೀಯಾ?"

"ಇಲ್ಲ. ಸಿಟ್ಟು ಬಂದಿದೆ."

"ಹೌ, ಅದೂ ಕಣ್ಣಲ್ಲೇ ಬರ್ತೈತೆ."

*

ಮಾರನೆ ದಿನ ಅವನ ಮುಂದೆ ಬೆತ್ತ ಇಟ್ಟಳು. ಬೆತ್ತ ಅವನ ಬೆರಳಿಂದ ಚಿಮ್ಮಿ ಪಕ್ಕದ ಮಂಚದವನ ಮೂಗಿಗೆ ಬಡಿಯಿತು.

"ಮಗಾ, ನನಗೆ ಕಾಲು ಒಂದೇ ಹೋಗಿರೋದು. ಮೂಗು ಬಿಟ್ಬಿಡು," ಎಂದ ಆ ಸಿಪಾಯಿ.

ಚಲುವಯ್ಯ ಅರ್ಧ ಬುಟ್ಟಿಯನ್ನು ಒದ್ದ.

"ನಮ್ಮ ತೋಟದಲ್ಲಿ ಬುಟ್ಟಿ ಹೆಣೆಯೋರು ಬೇರೆ ಇದ್ದಾರೆ. ನಾನು ಬದನೆಕಾಯಿ ಬೆಳೆಯೋನು. ನನಗ್ಯಾಕ್ರೀ ಇದು?"

ಬೈಯಬೇಕೆಂದು ಬಾಯಿ ತೆರೆದವಳು ನಿಂತಳು. ಹೌದಲ್ಲ... ಯಾಕೆ? ಸ್ಟೋರಿನಲ್ಲಿ ಬೆತ್ತ ಇತ್ತು, ಅದಕ್ಕೆ.

ಸ್ಟೂಲು ಎಳೆದುಕೊಂಡು ಕೂತಳು.

"ಸರಿ. ಬುಟ್ಟಿ ಬೇಡ. ನಿಮಗೆ ಏನು ಮಾಡೋಕೆ ಬರಬೇಕು? ಹೇಳಿ."

ಆಸ್ಪತ್ರೆಗೆ ಬಂದಾಗಿನಿಂದ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ.

"ಮುದ್ದೆ ಉಣ್ಬೇಕು," ಎಂದ. "ಬಲಗೈಲಿ. ಪಂಕ್ತೀಲಿ ಕೂತು."

"ಪಂಕ್ತೀಲಿ ಯಾಕೆ?"

"ನಗಬಾರದು."

"ನಾನು ನಕ್ಕಿದ್ದು ನೋಡಿದೀರಾ?"

ಅದಕ್ಕೆ ಅವನೇ ನಕ್ಕುಬಿಟ್ಟ. ಆಮೇಲೆ ಹೇಳಿದ. ಅಮ್ಮನಿಗೆ ವಯಸ್ಸಾಯಿತು. ತಾನು ಹೋದ ಮೇಲೆ ಮಗನಿಗೆ ಉಣಿಸುವವರು ಯಾರು ಎಂಬ ಚಿಂತೆ. ಅದಕ್ಕೆ ಅವನ ಅಕ್ಕನ ಮಗಳು ಆಂಜನಮ್ಮನನ್ನೇ ತಂದುಕೊಳ್ಳುವುದೆಂದು ತೀರ್ಮಾನ ಮಾಡಿದ್ದಾಳೆ. ಹುಡುಗಿ ಇನ್ನೂ ಕುಂಟೆಬಿಲ್ಲೆ ಆಡುತ್ತಾಳೆ. ಅವನು ಒಲ್ಲೆ ಎಂದ. ತಾಯಿ ಅನ್ನ ನೀರು ಬಿಟ್ಟು ಮಲಗಿದಳು. ಕೊನೆಗೆ ದೊಡ್ಡಪ್ಪ ಮುನಿಕೃಷ್ಣಪ್ಪ ನಡುವೆ ಬಂದು ಮಾತು ಇಟ್ಟರು. ಸಂಕ್ರಾಂತಿ ಕಳೆದ ಮೇಲೆ ಮದುವೆ ಗಟ್ಟಿ ಮಾಡುವ ಒಪ್ಪು ವೀಳ್ಯದ ಊಟ. ಅವತ್ತು ಪಂಕ್ತಿಯಲ್ಲಿ ಕೂತು ತನ್ನ ಬಲಗೈಲಿ ತಾನೇ ಉಂಡು ತೋರಿಸಿದರೆ ಮದುವೆ ಮಾತು ಬಿಡುವುದು. ಇಲ್ಲದಿದ್ದರೆ ಊಟ ಮುಗಿದ ಕೂಡಲೇ ವೀಳ್ಯ ಬದಲಾಯಿಸುವುದು.

"ಆ ಮಗೂನ ನನ್ನ ಬಲಗೈ ಮಾಡೋಕೆ ಹೊರಟವ್ರೆ," ಎಂದ. "ಅವಳು ಹುಟ್ಟಿದಾಗ ಎತ್ತಿ ಆಡಿಸಿದೋನು ನಾನು."

ಶಾಂತಕುಮಾರಿ ಸ್ಟೂಲನ್ನು ಇನ್ನೂ ಹತ್ತಿರ ಎಳೆದಳು. ಒಂದು ಮಗುವಿನ ಬದುಕಿಡೀ ಇನ್ನೊಬ್ಬನ ತುತ್ತು ಕಲಸುವುದರಲ್ಲಿ ಹೋಗಬೇಕು. ಅದಕ್ಕೆ ಮದುವೆ ಎಂದು ಹೆಸರು. ಅದಕ್ಕೂ ವೀಳ್ಯ, ಅದಕ್ಕೂ ಊಟ.

"ಕೈ ಕೊಡಿ ಇಲ್ಲಿ," ಎಂದಳು ಗಡುಸಾಗಿ.

ಹೆಬ್ಬೆರಳು ಮುಟ್ಟಿದಳು. ಗೊತ್ತಾಗುತ್ತದೆ ಎಂದ. ತೋರುಬೆರಳು, ಮಧ್ಯದ ಬೆರಳು ಅಲ್ಪಸ್ವಲ್ಪ ಮಡಿಚಿದವು. ಉಂಗುರ ಬೆರಳು, ಕಿರುಬೆರಳು ಏನೂ ಹೇಳಲಿಲ್ಲ.

"ಕಷ್ಟ ಇದೆ," ಎಂದಳು. "ಆಗಲ್ಲ ಅಂತ ಹೇಳ್ತಿಲ್ಲ."

*

ಆ ಸಂಜೆ ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಮುದ್ದೆಯ ತಟ್ಟೆ ಮುಂದಿಟ್ಟುಕೊಂಡು ಅವಳು ಉಣ್ಣದೆ ತನ್ನ ಕೈಯನ್ನೇ ನೋಡಿದಳು.

ಹೆಬ್ಬೆರಳು ಒತ್ತುತ್ತದೆ. ಎರಡು ಬೆರಳು ಕಿತ್ತುಕೊಳ್ಳುತ್ತವೆ. ಅಂಗೈ ಉರುಳಿಸುತ್ತದೆ. ಸಾರಿಗೆ ಅದ್ದುವಾಗ ಮಣಿಕಟ್ಟು ತಿರುಗುತ್ತದೆ. ಇಷ್ಟೆಲ್ಲ ಒಂದು ತುತ್ತಿನಲ್ಲಿ.

ಬೆತ್ತ ಸೆಟೆದು ಚಿಮ್ಮುತ್ತದೆ. ಬ್ರೆಡ್ಡಿನ ಚೂರು ಜಾರುತ್ತದೆ. ಬಿಸಿ ಮುದ್ದೆ ಹಾಗಲ್ಲ, ಎಷ್ಟು ದುರ್ಬಲ ಬೆರಳಿಗೂ ಬಗ್ಗುತ್ತದೆ.

ಕಲಿಯುವುದು ಮುದ್ದೆ ಉಣ್ಣುವುದನ್ನಾದರೆ ಕಲಿಯಬೇಕಾದದ್ದು ಮುದ್ದೆಯಿಂದಲೇ...

"ತಟ್ಟೇಲಿ ಏನು ಹುಳ ಬಿದ್ದಿದೆಯಾ?" ಎಂದಳು ಅತ್ತಿಗೆ.

"ಇಲ್ಲ ಅತ್ತಿಗೆ, ಚೆನ್ನಾಗಿದೆ," ಎಂದು ಶಾಂತಕುಮಾರಿ ನಕ್ಕಳು. ಅತ್ತಿಗೆಗೆ ಗಾಬರಿಯಾಯಿತು. ಈ ಮನೆಗೆ ಮರಳಿದ ಮೇಲೆ ಅವಳು ನಕ್ಕಿರಲಿಲ್ಲ.

ವಾರ್ಡಿನ ಕ್ಯಾಪ್ಟನ್ ಡಾಕ್ಟರು ಒಪ್ಪಲಿಲ್ಲ. ಆಸ್ಪತ್ರೆಯ ಊಟದಲ್ಲಿ ರಾಗಿ ಇಲ್ಲ ಎಂದರು. ಇದು ಊಟವಲ್ಲ ಸರ್, ಚಿಕಿತ್ಸೆ ಎಂದಳು. ಹಿಟ್ಟಿನ ಉಂಡೆ ಯಾವ ಪುಸ್ತಕದಲ್ಲಿ ಚಿಕಿತ್ಸೆ ಎಂದು ಬರೆದಿದೆ ಎಂದು ಅವರು ನಕ್ಕರು. ಹೋಗಿ ಬುಟ್ಟಿ ಮಾಡಿಸು, ವರದಿಯಲ್ಲಿ ಬುಟ್ಟಿ ಚೆನ್ನಾಗಿ ಕಾಣುತ್ತದೆ ಎಂದರು.

ಅವಳು ಸೀದಾ ಮೆಹರುನ್ನೀಸಾಳ ಹತ್ತಿರ ಹೋದಳು.

"ಆಯಾಗಳ ಕೋಣೇಲಿ ಒಲೆ ಇದೆಯಲ್ಲ?"

"ಇದೆ. ಯಾಕೆ?"

"ರಾಗಿ ಹಿಟ್ಟು ನಾನು ತರ್ತೀನಿ."

"ಕೆಲಸ ಹೋಗ್ತೈತೆ ಬೇಟಿ."

"ಹೋಗ್ಲಿ."

"ನಿಂದಲ್ಲ, ನಂದು," ಎಂದಳು ಮೆಹರುನ್ನೀಸಾ. ಆದರೂ ಒಲೆ ಹಚ್ಚಿದಳು.

ಹಿಂದಿನ ವರಾಂಡದಲ್ಲಿ ದಿನವೂ ಮುದ್ದೆ ಬಂತು. ಅವನ ಮಣಿಕಟ್ಟಿನ ಕೆಳಗೆ ಟವಲಿನ ಸುರುಳಿ ಇಟ್ಟಳು. ಮೊದಲು ಬರೀ ಒತ್ತುವುದು. ಆಮೇಲೆ ಕೀಳುವುದು. ಉರುಳಿಸುವುದು ಅದಾದ ಮೇಲೆ. ತುತ್ತು ಬಾಯಿಗೆ ಬಾರದೆ ಗದ್ದಕ್ಕೆ, ಅಂಗಿಗೆ, ಒಮ್ಮೆ ಅವಳ ಸೆರಗಿಗೆ ಹೋಯಿತು.

"ನಿಮಗೇ ಉಣಿಸಿಬಿಟ್ಟೆ," ಎಂದ.

"ಗುರಿ ಎಡಗೈದೇ ಚೆನ್ನಾಗಿತ್ತು," ಎಂದಳು.

ಅವನು ಗಟ್ಟಿಯಾಗಿ ನಗುತ್ತಿದ್ದ. ತೋಟದ ಕತೆ ಹೇಳುತ್ತಿದ್ದ. ರಸೆಲ್ ಮಾರ್ಕೆಟ್ಟಿಗೆ ಗಾಡಿ ಕಟ್ಟಿಕೊಂಡು ಹೊರಡುವಾಗ ಎತ್ತುಗಳೇ ದಾರಿ ಹಿಡಿಯುತ್ತವೆ, ತಾನು ಬದನೆಕಾಯಿಗಳ ಮೇಲೆ ನಿದ್ದೆ ಮಾಡುತ್ತೇನೆ ಎನ್ನುತ್ತಿದ್ದ. ಅವಳ ಗಂಡನ ಬಗ್ಗೆ ಒಂದು ದಿನ ನೇರವಾಗಿ ಕೇಳಿದ.

"ಒಳ್ಳೆಯವರಾ ಅವರು?"

"ಹೂಂ. ಒಳ್ಳೆಯವರು."

"ನೆನಪಾಗ್ತಾರಾ?"

"ಮೊದಲು ಆಗ್ತಿದ್ರು. ಆಮೇಲೆ... ಏನೂ ಆಗ್ತಿರಲಿಲ್ಲ. ಸಿಟ್ಟೂ ಬರ್ತಿರಲಿಲ್ಲ."

"ಈಗ ಬರುತ್ತಲ್ಲ," ಎಂದ. "ದಿನಾ ನೋಡ್ತೀನಿ."

ಅವಳು ಮುಖ ತಿರುಗಿಸಿದಳು. ತಾನೂ ಆ ಎರಡು ಬೆರಳುಗಳ ಹಾಗೆ ಇದ್ದೆನೆ, ಯಾರು ಮುಟ್ಟಿದರೂ ತಿಳಿಯದ ಹಾಗೆ? ಛೆ, ಇವನು ರೋಗಿ. ನಾನು ಕೆಲಸದವಳು.

ಅವನು ಮೊದಲ ಬಾರಿ ಪೂರ್ತಿ ತುತ್ತು ಕಿತ್ತು, ಉರುಳಿಸಿ, ಸಾರಿಗೆ ಅದ್ದಿ ನುಂಗಿದ ದಿನ ಅಲ್ಲಿಗೇ ನಿಲ್ಲಿಸಲಿಲ್ಲ. ಅವನು ಮತ್ತೆ ಕಿತ್ತ, ಮತ್ತೆ ನುಂಗಿದ. ಒಲೆಯಿಂದ ಆಗತಾನೆ ಇಳಿದ ಮುದ್ದೆ, ಹಬೆ ಆಡುತ್ತಿತ್ತು. ಅಂಗೈ ತುಂಬ ಹಿಡಿದು ನಾದಿದ. ಅವನ ಮುಖ ನೋಡುತ್ತ ಅವಳು ಕೈ ನೋಡುವುದನ್ನು ಮರೆತಳು.

ಅದೇ ತಪ್ಪಾಯಿತು.

ನರ ಕಡಿದ ಕೈಗೆ ಬಿಸಿ ತಿಳಿಯುವುದಿಲ್ಲ ಎಂದು ಸಿಸ್ಟರು ಕಲಿಸಿದ್ದರು. ಬಿಸಿನೀರು ಕೊಡುವಾಗಲೆಲ್ಲ ಅವಳು ತಾನೇ ಮುಟ್ಟಿ ನೋಡಿ ಕೊಡುತ್ತಿದ್ದಳು. ಆದರೆ ಮುದ್ದೆಯನ್ನು ಮುಟ್ಟಿ ನೋಡುವವರುಂಟೆ? ಮುದ್ದೆ ಎಂದರೆ ಬಿಸಿಯಾಗೇ ಉಣ್ಣುವುದು. ಹುಟ್ಟಿದಾಗಿನಿಂದ ಉಂಡವಳಿಗೆ ಅದು ಸುಡುವ ವಸ್ತು ಎಂದು ಹೊಳೆಯಲೇ ಇಲ್ಲ.

ಉಂಗುರ ಬೆರಳಿನಲ್ಲೂ ಕಿರುಬೆರಳಿನಲ್ಲೂ ಬೊಬ್ಬೆ ಎದ್ದವು. ಅವನು ರಾತ್ರಿ ನೋಡಿಕೊಂಡ. ಹೇಳಿದರೆ ಮುದ್ದೆ ನಿಲ್ಲಿಸುತ್ತಾರೆಂದು ಮುದ್ದೆಯ ಹೊತ್ತಿನಲ್ಲೂ ಆ ಬೆರಳುಗಳನ್ನು ಅಂಗೈಗೆ ಮಡಿಚಿಟ್ಟು, ಮಿಕ್ಕ ಹೊತ್ತು ಮುಷ್ಟಿ ಮುಚ್ಚಿಕೊಂಡಿದ್ದ. ಬೊಬ್ಬೆ ಒಡೆದು ಕೀವಾಯಿತು. ಕ್ಯಾಪ್ಟನ್ ರೌಂಡ್ಸಿಗೆ ಬಂದಾಗ ಮುಷ್ಟಿ ಬಿಡಿಸಿದರು.

ಅವರು ಕೂಗಾಡಲಿಲ್ಲ. "ಚಿಕಿತ್ಸೆ ಅಂದಿದ್ದೆಯಲ್ಲ. ನೋಡು," ಎಂದರು ಅಷ್ಟೆ.

ಶಾಂತಕುಮಾರಿ ನೋಡಿದಳು. "ತಪ್ಪು ನನ್ನದು ಸರ್," ಎಂದಳು. "ಮುಟ್ಟಿ ನೋಡಬೇಕಿತ್ತು. ಆದ್ರೆ ಕೈ ಬರ್ತಾ ಇದೆ. ನಿಲ್ಲಿಸಬೇಡಿ."

"ಅವನ ಕಡೆಯವರೇ ದೂರು ಕೊಟ್ಟಿದ್ದಾರೆ. ನಾಳೆಯಿಂದ ನೀನು ಬಟ್ಟೆ ಉಗ್ರಾಣದಲ್ಲಿ."

ಅವನ ಕಡೆಯವರು!

ಅವಳು ಮಂಚದ ಕಡೆ ತಿರುಗಿದಳು. ಚಲುವಯ್ಯನನ್ನು ಆಗಲೇ ಡ್ರೆಸಿಂಗಿಗೆ ಕರೆದುಕೊಂಡು ಹೋಗಿದ್ದರು.

*

ಉಗ್ರಾಣದಲ್ಲಿ ಹಾಸುಬಟ್ಟೆ ಮಡಿಚುವುದು ಕೆಲಸ. ಮಡಿಚಿದಳು. ಸಿಟ್ಟಿನಲ್ಲಿ ಮಡಿಚಿದ ಬಟ್ಟೆಗಳ ಅಂಚು ಕತ್ತರಿಸಿದಂತೆ ನೇರವಾಗಿರುತ್ತಿತ್ತು.

ತಪ್ಪು ಮಾಡಿದೆ, ಒಪ್ಪಿಕೊಂಡೆ. ಆದರೆ ಅವನು? ಮುಖದೆದುರು ನಗುತ್ತಿದ್ದವನು ಹಿಂದಿನಿಂದ ದೂರು ಕೊಟ್ಟನೆ? ಬೊಬ್ಬೆ ಮುಚ್ಚಿಟ್ಟವನು ಅವನು, ಅವನು ಹೇಳದೆ ಮನೆಯವರಿಗೆ ಹೇಗೆ ತಿಳಿಯುತ್ತದೆ? ಚಮಚ ಎಸೆದ ದಿನದ ಹಾಗೆ ಮುಖಕ್ಕೇ ಬೈದಿದ್ದರೆ ಬೇಸರವಿರಲಿಲ್ಲ...

ಅವನನ್ನು ಮನೆಗೆ ಕಳಿಸಿದರೆಂದು ಕೇಳಿದಳು. ಯಾರನ್ನೂ ಏನೂ ಕೇಳಲಿಲ್ಲ. ಬೇಸಗೆಯ ನೆಲದ ಹಾಗೆ ಮತ್ತೆ ಗಟ್ಟಿಯಾದಳು.

ಸಂಕ್ರಾಂತಿ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಮೆಹರುನ್ನೀಸಾ ಸೊಪ್ಪಿನ ಚೀಲ ಹಿಡಿದು ಸೀದಾ ಮರ್ಫಿ ಟೌನಿನ ಮನೆಗೇ ಬಂದಳು.

"ಮಾರ್ಕೆಟ್ಟಲ್ಲಿ ನಿನ್ ಮುದ್ದೆ ಸಿಪಾಯಿ ಸಿಕ್ಕಿದ್ದ."

"ನನ್ನವನಲ್ಲ."

"ಕೇಳು ಮೊದಲು. ಟೀಚರಮ್ಮ ನನ್ನ ಬಿಟ್ಟು ಯಾಕೆ ಹೋದ್ರು ಅಂತ ಕೇಳ್ದ. ಬೇರೆ ಕೆಲಸ ಬೇಕು ಅಂತ ನೀನೇ ಕೇಳ್ಕೊಂಡೆ ಅಂತ ಕ್ಯಾಪ್ಟನ್ ಹೇಳವ್ರಂತೆ ಅವನಿಗೆ."

ಶಾಂತಕುಮಾರಿ ಎದ್ದು ನಿಂತಳು. "ದೂರು ಕೊಟ್ಟವನು ಅವನಲ್ವಾ?"

"ಅವನ ಅಮ್ಮ, ಬೇಟಿ! ಬುತ್ತಿ ತಂದಾಗ ಬೊಬ್ಬೆ ನೋಡ್ಬಿಟ್ಟು, ಗೇಟಿನ ಹತ್ರ ಎದೆ ಬಡ್ಕೊಂಡು ಕೂಗಿದ್ಲು. ಅವನು ಡ್ರೆಸಿಂಗ್ ರೂಮಲ್ಲಿ ಕ್ಯಾಪ್ಟನಿಗೆ ಕೈ ಮುಗಿದ. ಕಟ್ಟು ಕಟ್ಟಿದ ಕೈ, ಮುಗಿಯೋಕೂ ಬರ್ಲಿಲ್ಲ. ತಪ್ಪು ನಂದು, ಅವರನ್ನ ಬಿಡಿ ಅಂದ. ನಾನೇ ನೋಡಿದೀನಿ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ? ಅವನ ಹೆಸರೆತ್ತಿದ್ರೆ ಹಾಸುಬಟ್ಟೆ ನನ್ ಮುಖಕ್ಕೆ ಬರ್ತಿತ್ತು." ಮೆಹರುನ್ನೀಸಾ ಚೀಲ ಕೆಳಗಿಟ್ಟಳು. "ಇವತ್ತೇ ಅವರ ಊಟ. ಒಪ್ಪು ವೀಳ್ಯ. ನಿಂಗೆ ಹೇಳ್ಬೇಡ ಅಂದ. ಅದಕ್ಕೇ ಬಂದೆ. ನನ್ ತಮ್ಮ ಅನೀಸನ ಜಟ್ಕಾ ಬೀದೀಲಿ ನಿಂತಿದೆ."

ಅತ್ತಿಗೆ ಒಳಗಿಂದ, "ಎಲ್ಲಿಗೆ? ಶುಭಕಾರ್ಯದ ಮನೆಗೆ ನೀನು ಹೋಗಬಾರದು ಶಾಂತ," ಎಂದಳು.

"ಕೆಲಸದ ಮೇಲೆ ಹೋಗ್ತಿದೀನಿ," ಎಂದಳು ಶಾಂತಕುಮಾರಿ. ಕಾಲಿಗೆ ಚಪ್ಪಲಿ ಹಾಕುವಷ್ಟರಲ್ಲಿ ಜಟ್ಕಾದೊಳಗಿದ್ದಳು.

ಕೆ.ಆರ್. ಪುರಂ ಕಡೆಯ ರಸ್ತೆಯುದ್ದಕ್ಕೂ ಅವಳ ಮನಸ್ಸು ಕುದಿಯಿತು. ಕ್ಯಾಪ್ಟನ್ನನ ಸುಳ್ಳಿಗೆ, ಮುದುಕಿಯ ಬಾಯಿಗೆ, ತನ್ನ ಹುಂಬತನಕ್ಕೆ. ನಂಬಬೇಕಾದವನನ್ನು ಬಿಟ್ಟು ನಂಬಬಾರದವರನ್ನು ನಂಬಿದೆ. ಈಗ ಅವನ ಕೈ ಹೇಗಿದೆಯೋ. ಅಭ್ಯಾಸವಿಲ್ಲದೆ ಮತ್ತೆ ಬಿದ್ದುಹೋಗಿದ್ದರೆ... ಆ ಹುಡುಗಿಯ ಗತಿ?

ಅನೀಸ್ ಹಿಂದೆ ತಿರುಗಿದ. "ಅಕ್ಕ, ಕುದುರೆಗೆ ಯಾಕೆ ಗುರಾಯಿಸ್ತೀರಿ? ಓಡ್ತಾನೇ ಇದೆ."

*

ಮನೆಯ ಮುಂದೆ ಚಪ್ಪರ. ಮುತ್ತುಗದ ಎಲೆ ಹಾಕಿ ಗಂಡಸರ ಪಂಕ್ತಿ ಕೂತಾಗಿತ್ತು. ಮುದ್ದೆ ಬಡಿಸಿ ಅವರೆಕಾಳಿನ ಸಾರು ಹಾಕುತ್ತಿದ್ದರು. ನಡುವೆ ದೊಡ್ಡಪ್ಪ ಮುನಿಕೃಷ್ಣಪ್ಪ. ಅವರ ಪಕ್ಕದಲ್ಲಿ ಚಲುವಯ್ಯ, ಬಿಳಿ ಅಂಗಿಯಲ್ಲಿ.

ಶಾಂತಕುಮಾರಿ ಚಪ್ಪರದ ಕಂಬದ ಹತ್ತಿರವೇ ನಿಂತಳು. ಅವನು ನೋಡಿದ. ಮುಖದಲ್ಲಿ ಏನೂ ತೋರಲಿಲ್ಲ. ತಲೆ ತಗ್ಗಿಸಿ ಎಲೆಯ ಕಡೆ ತಿರುಗಿದ.

ಹೆಬ್ಬೆರಳನ್ನು ಮಾತ್ರ ಮುದ್ದೆಗೆ ತಾಗಿಸಿದ. ಬಿಸಿ. ಕೈ ಹಿಂತೆಗೆದು ಕಾದ.

ಕಲಿತಿದ್ದಾನೆ. ಅವಳು ಕಲಿಸದೆ ಹೋದದ್ದನ್ನು ತಾನೇ ಕಲಿತಿದ್ದಾನೆ.

ಉಳಿದವರು ಸರಸರ ನುಂಗಿದರು. ಅವನು ಕಾಯುತ್ತಲೇ ಇದ್ದ. ಆಮೇಲೆ ಒತ್ತಿದ, ಕಿತ್ತ. ತುತ್ತು ಜಾರಿ ಮಣ್ಣಿಗೆ ಬಿತ್ತು.

ಪಂಕ್ತಿಯಲ್ಲಿ ಯಾರೋ ಕೆಮ್ಮಿದರು. ದೊಡ್ಡಮುನಿಯಮ್ಮ ಸಾರಿನ ಪಾತ್ರೆ ಇಟ್ಟು ಓಡಿ ಬಂದಳು.

"ಬ್ಯಾಡ ಮಗ, ಎಲ್ಲಾರ ಮುಂದೆ ಯಾಕೆ ಮಾನ ಕಳ್ಕೊಂತೀಯ. ನಾನು ಉಣಿಸ್ತೀನಿ."

"ಅಮ್ಮ, ಕೈ ತೆಗೀರಿ."

ಹೇಳಿದವಳು ಶಾಂತಕುಮಾರಿ. ಇಡೀ ಚಪ್ಪರ ಅವಳ ಕಡೆ ತಿರುಗಿತು, ಅವಳ ಹಣೆಯ ಕಡೆ.

"ನೀನಾ! ಈ ಮನೆ ಶುಭಕ್ಕೂ ಬಂದ್ಯಾ?"

"ಬಂದೆ. ಬೈಯೋದು ಆಮೇಲೆ ಬೈಯಿರಿ. ಈಗ ಅವರು ಉಣ್ತಾ ಇದ್ದಾರೆ."

"ಬಿಡಮ್ಮ ದೊಡ್ಡಮುನಿಯಮ್ಮ," ಎಂದರು ಮುನಿಕೃಷ್ಣಪ್ಪ. "ಮಾತು ಇಟ್ಟಿದ್ದೀವಿ."

ಅವನು ಮತ್ತೆ ಕಿತ್ತ. ಶಾಂತಕುಮಾರಿಯ ಬೆರಳುಗಳು ತಾವಾಗೇ ಮಡಿಚಿದವು. ಹೋಗಿ ಆ ಮಣಿಕಟ್ಟಿನ ಕೆಳಗೆ ಕೈ ಇಟ್ಟರೆ ಸಾಕು... ಇಲ್ಲ. ಕಂಬವನ್ನು ಹಿಡಿದುಕೊಂಡು ನಿಂತಳು.

ಉರುಳಿಸಿದ. ಅದ್ದಿದ. ನುಂಗಿದ.

ಆಮೇಲೆ ಇನ್ನೊಂದು.

ಉಳಿದವರ ಊಟವೆಲ್ಲ ಮುಗಿಯಿತು. ಅನ್ನವೂ ಮಜ್ಜಿಗೆಯೂ ಆಯಿತು. ಯಾರೂ ಏಳುವ ಹಾಗಿಲ್ಲ. ಪಂಕ್ತಿಯಲ್ಲಿ ಒಬ್ಬನ ಎಲೆಯಲ್ಲಿ ತುತ್ತಿರುವಾಗ ಇನ್ನೊಬ್ಬ ಏಳುವುದು ಉಣ್ಣುವವನಿಗೆ ಮಾಡುವ ಅವಮಾನ. ಎಲ್ಲರೂ ಎಂಜಲು ಕೈ ಗಾಳಿಯಲ್ಲಿ ಹಿಡಿದು ಕೂತರು.

"ಇನ್ನೂ ಎಷ್ಟೊತ್ತೋ ಚಲುವ?"

"ಉಣ್ತಾ ಇದೀನಲ್ಲ ದೊಡ್ಡಪ್ಪ."

"ಕೈ ಒಣಗ್ತೈತೆ ಕಣೋ."

"ಇನ್ನೊಂದಿಷ್ಟು ಸಾರು ಹಾಕಿಸ್ಕೊಳ್ಳಿ."

ತುದಿಯಲ್ಲಿದ್ದ ಒಬ್ಬ ಮುದುಕ ಕೂತಲ್ಲೇ ತೂಕಡಿಸಿದ. ಎಮ್ಮೆಯೊಂದು ಚಪ್ಪರದ ತೋರಣ ಎಳೆಯಲು ಬಂತು. ಓಡಿಸಲು ಎದ್ದವನನ್ನು ಪಕ್ಕದವನು ಎಳೆದು ಕೂರಿಸಿದ. ಬಾಗಿಲ ಹಿಂದಿನಿಂದ ಕಿಸಕ್ಕನೆ ನಗು ಕೇಳಿತು. ಹಸಿರು ಲಂಗದ ಹುಡುಗಿ, ಆಂಜನಮ್ಮ. ದಿನವೂ ಹಿತ್ತಿಲಲ್ಲಿ ಮಾವನಿಗೆ ಗುಟ್ಟಾಗಿ ಆರಿದ ಮುದ್ದೆ ತಂದುಕೊಟ್ಟು, "ಕಲ್ತ್ಕೋ ಮಾವ, ನಂಗೆ ಮದ್ವೆ ಬ್ಯಾಡ" ಎಂದು ಕಾಡಿದವಳು ಅವಳೇ.

ಕೊನೆಯ ತುತ್ತು ಚಿಕ್ಕದಾಗಿತ್ತು. ಅವನು ಅದನ್ನು ನುಂಗಿ, ಬೆರಳಿನಿಂದ ಎಲೆಯನ್ನು ಬಳಿದು ನೆಕ್ಕಿದ.

"ಈಗ ಏಳಿ," ಎಂದ.

ಮುನಿಕೃಷ್ಣಪ್ಪ ಮೊಣಕಾಲು ಹಿಡಿದುಕೊಂಡು ಎದ್ದರು. "ವೀಳ್ಯದ ತಟ್ಟೆ ಒಳಗೆ ತಗೊಂಡು ಹೋಗಿ. ಹುಡುಗಿ ಇನ್ನೂ ಆಡ್ಕೊಂಡಿರ್ಲಿ," ಎಂದರು.

ದೊಡ್ಡಮುನಿಯಮ್ಮ ಅಲ್ಲೇ ಕುಸಿದು ಕೂತಳು. "ನಾನು ಉಣಿಸಿದ್ದು ತಪ್ಪಾ?" ಎಂದಳು ಯಾರನ್ನೂ ನೋಡದೆ.

"ತಪ್ಪಲ್ಲ," ಎಂದಳು ಶಾಂತಕುಮಾರಿ. "ಇನ್ನು ಸಾಕು. ಅಷ್ಟೆ."

*

ಬಾವಿಯ ಹತ್ತಿರ ಅವನು ಕೈ ತೊಳೆಯುತ್ತಿದ್ದ.

"ಬಿಟ್ಟು ಹೋದೋರು ಯಾಕೆ ಬಂದ್ರಿ?"

"ನಾನು ಬಿಟ್ಟು ಹೋಗಲಿಲ್ಲ. ತಳ್ಳಿದ್ರು. ನೀವೇ ದೂರು ಕೊಟ್ರಿ ಅಂದ್ಕೊಂಡೆ."

"ನಾನು? ನನ್ನ ಅಷ್ಟೇನಾ ತಿಳ್ಕೊಂಡಿದ್ದು?"

"ನೀವೂ ಹಾಗೇ ತಾನೆ ತಿಳ್ಕೊಂಡಿದ್ದು? ಬೊಬ್ಬೆ ಯಾಕೆ ಮುಚ್ಚಿಟ್ರಿ? ಬೆರಳು ಹೋಗಿದ್ರೆ?"

"ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ."

"ನಿಲ್ಲಿಸ್ತಿರಲಿಲ್ಲ. ಆರಿಸಿ ಕೊಡ್ತಿದ್ದೆ." ಅವಳು ಅವನ ಆ ಎರಡು ಬೆರಳಿನ ಕಲೆ ನೋಡಿದಳು. "ನಾನು ಮುಟ್ಟಿ ನೋಡಬೇಕಿತ್ತು. ನಿಮ್ಮ ಮುಖ ನೋಡ್ತಾ ಕೂತೆ."

ಚಲುವಯ್ಯ ಚೊಂಬು ಕೆಳಗಿಟ್ಟ.

"ನನಗೆ ಉಣಿಸೋಳು ಬೇಡ," ಎಂದ ಮೆಲ್ಲಗೆ. "ಜಗಳ ಆಡೋಳು ಬೇಕು. ಬರ್ತೀರಾ?"

ಅವಳಿಗೆ ಸಿಟ್ಟು ಬರಲಿಲ್ಲ. ಅದೇ ಅವಳಿಗೆ ಆಶ್ಚರ್ಯ.

"ನಾನು ಕೆಲಸ ಬಿಡಲ್ಲ. ನಾಳೆ ಕ್ಯಾಪ್ಟನ್ ಹತ್ರ ಹೋಗಿ ವಾರ್ಡು ವಾಪಸ್ ಕೇಳ್ತೀನಿ."

"ಬಿಡಿ ಅಂದೆನಾ? ಬೇಕಾದ್ರೆ ಈ ಕೈ ತಂದು ತೋರಿಸ್ತೀನಿ."

"ನಿಮ್ಮಮ್ಮ ಒಪ್ಪಲ್ಲ."

"ಒಪ್ಪಲ್ಲ," ಎಂದ. ಸುಳ್ಳು ಹೇಳಲಿಲ್ಲ. "ನಾಳೇನೂ ಒಪ್ಪಲ್ಲ. ನಾಡಿದ್ದು ಗೊತ್ತಿಲ್ಲ."

ಅಷ್ಟರಲ್ಲಿ ಹೆಂಗಸರ ಪಂಕ್ತಿ ಕೂತಿತು. ಬಂದವರನ್ನು ಉಣ್ಣದೆ ಕಳಿಸುವ ಮನೆಯಲ್ಲ. ದೊಡ್ಡಮುನಿಯಮ್ಮ ಶಾಂತಕುಮಾರಿಗೂ ಎಲೆ ಹಾಕಿದಳು. ಚಪ್ಪರದಲ್ಲಲ್ಲ. ಹಿತ್ತಿಲ ಜಗಲಿಯಲ್ಲಿ, ಒಂದೇ ಎಲೆ.

ಶಾಂತಕುಮಾರಿ ಆ ಒಂಟಿ ಎಲೆಯನ್ನು ನೋಡಿದಳು. ತಿರುಗಿ ಹೋಗಿಬಿಡಲೆ? ಹಸಿವಾಗಿತ್ತು. ಅವಮಾನಕ್ಕೆ ಹೆದರಿ ಹಸಿದಿರಬೇಕೆ? ಕೂತಳು.

ಚಲುವಯ್ಯ ಒಳಗೆ ಹೋಗಿ ಒಂದು ಖಾಲಿ ಎಲೆ ತಂದ. ಅವಳ ಪಕ್ಕದಲ್ಲಿ ಹಾಕಿ, ಚಕ್ಕಳಮಕ್ಕಳ ಕೂತ.

"ನಿಂದು ಉಂಡಾಯ್ತಲ್ಲೋ," ಎಂದಳು ತಾಯಿ.

"ಆಯ್ತು."

"ಮತ್ತೆ ಯಾಕೆ ಕೂತೆ?"

"ಪಂಕ್ತೀಲಿ ಇದೀನಿ."

ಮುದುಕಿ ಸ್ವಲ್ಪ ಹೊತ್ತು ನಿಂತೇ ಇದ್ದಳು. ಮಗನನ್ನು ನೋಡಿದಳು, ಅವನ ಮಡಿಲಲ್ಲಿದ್ದ ಬಲಗೈಯನ್ನು ನೋಡಿದಳು. ಶಾಂತಕುಮಾರಿಯ ಎಲೆಗೆ ಮುದ್ದೆ ಇಟ್ಟು, ಗುಳಿ ಮಾಡಿ ತುಪ್ಪ ಬಿಟ್ಟು, ಒಳಗೆ ಹೋದಳು.

ಶಾಂತಕುಮಾರಿ ಉಂಡಳು. ಚಪ್ಪರದಲ್ಲಿ ಹೆಂಗಸರ ಪಂಕ್ತಿ ಎದ್ದ ಸದ್ದು ಕೇಳಿತು. ಬೀದಿಯಲ್ಲಿ ಅನೀಸ್ ಕುದುರೆಗೆ ಏನೋ ಹೇಳುತ್ತಿದ್ದ. ಅವಳ ಎಲೆಯಲ್ಲಿ ಇನ್ನೂ ಅರ್ಧ ಮುದ್ದೆ ಇತ್ತು.

"ಯಾವಾಗಲೂ ಇಷ್ಟು ನಿಧಾನವಾಗಿ ಉಣ್ತೀರಾ?" ಎಂದ.

"ಇಲ್ಲ."

"ಇವತ್ತು ಯಾಕೆ?"

"ಮುಗಿದ್ರೆ... ನೀವು ಎದ್ದು ಹೋಗ್ತೀರಲ್ಲ."

ಅವನು ಖಾಲಿ ಎಲೆಯನ್ನು ಸರಿಯಾಗಿ ಮುಂದೆ ಎಳೆದುಕೊಂಡ.

"ಹೋಗಲ್ಲ. ನೀವು ಉಣ್ಣಿ."